ಸೈಕಲ್ ಹಿಂದಿನ ಪೆಟ್ಟಿಗೆ, ಅವ್ವನ ಸೀರೆ

ನಮ್ಮ ಮನೆಗೆ ಹೊಸಬರು ಬಂದರೆ ಮೊದಲು ಸೀನುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಪಡಸಾಲೆ, ಅಡುಗೆಮನೆ ಮತ್ತು ಒಂದೇ ಕೋಣೆಯ ಮನೆ. ಸುಗ್ಗಿಯ ತಿಂಗಳುಗಳಲ್ಲಿ ಘಾಟು ಕಿಟಕಿಯಿಂದ ಬಂದು ಬಾಗಿಲಿಂದ ಹೋಗುವಂಥದ್ದಾಗಿರಲಿಲ್ಲ, ಬಂದು ಠಿಕಾಣಿ ಹೂಡುತ್ತಿತ್ತು. ಹಾಸಿಗೆಯಲ್ಲಿ, ಗೋಡೆಯ ಗೂಡಿನಲ್ಲಿ, ನನ್ನ ಶಾಲೆಯ ಪುಸ್ತಕದ ಹಾಳೆಗಳ ನಡುವೆ ಕೂಡ ಅದು ಇರುತ್ತಿತ್ತು. ನಮಗೆ ಅದರ ಪರಿವೆಯೇ ಇರಲಿಲ್ಲ. ಸೀನುವ ನೆಂಟರನ್ನು ನೋಡಿ ನಗುವುದು ಓಣಿಯ ಮಕ್ಕಳಾದ ನಮ್ಮ ದೊಡ್ಡಸ್ತಿಕೆ. ಅವ್ವ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಹಾಗಾಗಿ ನಮ್ಮ ಮನೆಯ ಕಟ್ಟಳೆಗಳೆಲ್ಲ ಅವಳ ಎರಡು ಕೈಗಳ ಸುತ್ತ ಹುಟ್ಟಿಕೊಂಡಿದ್ದವು. ಸಂಜೆ ಅವಳು ಹಿತ್ತಲ ಬಾಗಿಲಿಂದಲೇ ಬರಬೇಕು. ನಾನು ತಂಬಿಗೆಯಿಂದ ನೀರು ಹಾಕಬೇಕು, ಅವಳು ಕೈ ತೊಳೆದು, ಮಜ್ಜಿಗೆ ಹಚ್ಚಿ ಉಜ್ಜಿ, ಮತ್ತೆ ತೊಳೆಯಬೇಕು. ಅಲ್ಲಿಯವರೆಗೆ ನೀರಿನ ಕೊಡ, ಹಿಟ್ಟಿನ ಡಬ್ಬಿ, ಕೂಸು ಯಾವುದನ್ನೂ ಮುಟ್ಟುವಂತಿಲ್ಲ. ಹಿತ್ತಲ ಚಿಲಕಕ್ಕೆ ಒಂದು ಬಟ್ಟೆ ಸುತ್ತಿತ್ತು. ಅದು ಖಾರದ ಕೈಯವರು ಹಿಡಿಯುವ ಜಾಗ, ಉಳಿದವರು ಹಿಡಿದರೆ ಅಜ್ಜಿಯಿಂದ ಬೈಗುಳ. ಅಪ್ಪನ ತಾಯಿಯಾದ ಈ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆದರೂ ಯಾರು ಯಾವ ಚಿಲಕ ಹಿಡಿದರು ಎಂಬುದು ಮಾತ್ರ ಅವಳಿಗೆ ಹೇಗೋ ಕಾಣುತ್ತಿತ್ತು.

ಈ ಮನೆಯ ನೆನಪನ್ನು ಈಗ ಕೆದಕಿದವಳು ನನ್ನ ತಂಗಿ ರತ್ನಿಯ ಮಗಳು. ಹಾವೇರಿಯಲ್ಲಿ ಗಂಡನ ಜೊತೆ ಇರುವ ಅವಳು ಸೈಕಲ್ಲಿನ ಹಿಂದೆ ಕೂಸನ್ನು ಕೂರಿಸಿಕೊಂಡು ಎಳೆಯುವ ಒಂದು ಗಾಡಿ ತರಿಸಿದ್ದಾಳೆ. ಗಂಡ ಹೆಂಡತಿ ಇಬ್ಬರೂ ರಜೆಯಲ್ಲಿ ಅದನ್ನು ಕಟ್ಟಿಕೊಂಡು ಊರೂರು ತಿರುಗುವವರಂತೆ. ರತ್ನಿ ನನಗೆ ಫೋನ್ ಮಾಡಿ ಗೋಳಾಡಿದಳು, "ಅಕ್ಕಾ, ಕೂಸಿನ್ನ ಹಿಂಗ ಯಾರರ ಬೀದಿಗೆ ಎಳಕೊಂಡು ಹೊಂಟಾರೇನ? ನೀನರ ಒಂದೀಟು ಬುದ್ಧಿ ಹೇಳು" ಎಂದು. ನಾನು ನಕ್ಕೆ. ಬುದ್ಧಿ ಹೇಳುವ ಬದಲು, ಗಾಡಿಯೊಳಗೆ ಹಾಸಲು ಹಳೆಯ ಕೌದಿ ಕೇಳಿಕೊಂಡು ಬಂದ ಆ ಹುಡುಗಿಗೆ ಟ್ರಂಕಿನ ತಳದಲ್ಲಿದ್ದ ಕೌದಿಯನ್ನೇ ತೆಗೆದುಕೊಟ್ಟೆ. ಅದರಲ್ಲಿ ಹೊಲಿದ ಅವ್ವನ ಹಳೆಯ ಸೀರೆಯ ತುಂಡಿನ ಮೇಲೆ ಅಂಗೈ ಅಗಲದ ಕರಿ ಕಲೆ ಇದೆ. "ಇದೇನು ದೊಡ್ಡವ್ವಾ?" ಎಂದಳು. ಏನೋ ಹೇಳಿ ತಪ್ಪಿಸಿಕೊಂಡೆ. ಆ ಕಲೆಯ ಸಂಗತಿ ರತ್ನಿಗೂ ಗೊತ್ತಿಲ್ಲ. ಇದನ್ನು ಓದಿದ ಮೇಲೆ ಗೊತ್ತಾಗುತ್ತದೆ, ಬೈದರೆ ಬೈಯಲಿ.

ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಅಂಗಡಿ ಇಟ್ಟು ಕೂರುವ ಜಾಯಮಾನ ಅವನದಲ್ಲ. ಹ್ಯಾಂಡಲಿಗೆ ಸಾಮಾನು, ಎಣ್ಣೆಯ ಡಬ್ಬಿ ಇದ್ದ ಚೀಲ ಕಟ್ಟಿಕೊಂಡು ಹಾವೇರಿ, ಕರ್ಜಗಿ, ರಾಣೆಬೆನ್ನೂರು, ಕುಮಾರಪಟ್ಟಣ, ಹಲಗೇರಿ ಎಂದು ಸುತ್ತು ಹೊಡೆದು ಬರುತ್ತಿದ್ದ. ಮಾತು ಬಹಳ ಕಡಿಮೆ. ಯಂತ್ರದ ಚಕ್ರವನ್ನು ಒಂದು ಸಲ ತಿರುಗಿಸಿ ಕಿವಿ ಕೊಟ್ಟನೆಂದರೆ ಎಲ್ಲಿ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಮನೆಯಲ್ಲಿ ಜಗಳವಾದಾಗಲೂ ಹಾಗೆಯೇ ಸುಮ್ಮನೆ ಕಿವಿ ಕೊಟ್ಟು ಕೂರುತ್ತಿದ್ದ, ಅದು ಅವ್ವನಿಗೆ ಬಹಳ ಸಿಟ್ಟು ತರಿಸುತ್ತಿತ್ತು.

ನನಗೆ ಒಂಬತ್ತು, ರತ್ನಿಗೆ ವರ್ಷ ತುಂಬಿ ಎರಡು ತಿಂಗಳು ಆಗಿದ್ದಾಗ ಒಂದು ಅನಾಹುತವಾಯಿತು. ನಮ್ಮೂರ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಅಷ್ಟಕ್ಕಷ್ಟೇ. ಅವ್ವನ ಮಜ್ಜಿಗೆ, ಅವ್ವನ ಎರಡು ತಂಬಿಗೆ ನೀರು ಎಲ್ಲವೂ ಆ ಕಾಯಿಯ ಲೆಕ್ಕಕ್ಕೆ ಸರಿಯಾಗಿದ್ದವು. ಅವತ್ತು ಅವಳ ಮುಂದೆ ಸುರಿದದ್ದು ಎಲ್ಲಿಂದಲೋ ಬಂದ ಬೇರೆ ಕಾಯಿ, ಮೈಯೆಲ್ಲ ಬೀಜ, ಬೀಜವೆಲ್ಲ ಬೆಂಕಿ. ಅವ್ವನಿಗೆ ಅದು ತಿಳಿಯದೆ ಏನಿರಲಿಲ್ಲ. ಆದರೆ ಸಂಜೆ ದಣಿದು ಬಂದವಳು ದಿನದ ರೂಢಿಯಂತೆ ತೊಳೆದು, ಒಳಗೆ ಬಂದು, ಅಂಬೆಗಾಲಿಟ್ಟು ಎದುರು ಬಂದ ರತ್ನಿಯ ಮೂಗು ಒರೆಸಿ, ಅದೇ ಕೈಯಿಂದ ಕಣ್ಣಿನ ಕಾಡಿಗೆಯನ್ನೂ ಒರೆಸಿದಳು. ಆ ಚೀರಾಟ ಈಗಲೂ ನನ್ನ ಕಿವಿಯಲ್ಲಿದೆ. ಅಪ್ಪ ಹಾಲಿನಲ್ಲಿ ಬಟ್ಟೆ ಅದ್ದಿ ಅದ್ದಿ ಕಣ್ಣು ತೊಳೆದ. ಎರಡು ದಿನದಲ್ಲಿ ಬಾವು ಇಳಿಯಿತು. ಇಳಿಯದೆ ಉಳಿದದ್ದು ಬೇರೆ. ಅವ್ವ ಕೈ ಚಾಚಿದರೆ ರತ್ನಿ ಮುಖ ತಿರುಗಿಸಿ ನನ್ನ ಕೊರಳಿಗೆ ಬೀಳುತ್ತಿದ್ದಳು. ಅವ್ವ ಊಟಕ್ಕೆ ಕೂತಾಗಲೂ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಅತ್ತದ್ದನ್ನು ನಾನು ನೋಡಲಿಲ್ಲ, ಆದರೆ ಆಗಿನಿಂದ ಅವಳು ಯಾರನ್ನೂ ಮುಟ್ಟುತ್ತಿರಲಿಲ್ಲ. ನನ್ನ ಜಡೆ ಹಾಕುವುದನ್ನೂ ಬಿಟ್ಟಳು. ನಾನೇ ಹಾಕಿಕೊಳ್ಳಲು ಕಲಿತೆ.

ಇದರ ಮೇಲೆ ರತ್ನಿಗೆ ಕೆಮ್ಮು ಶುರುವಾಯಿತು. ಡಾಕ್ಟರು, ಸ್ವಲ್ಪ ದಿನ ಕೂಸನ್ನು ಈ ಘಾಟಿನಿಂದ ದೂರ ಇಡಿ ಎಂದರು. ಸುಗ್ಗಿಯ ಭರಾಟೆಯಲ್ಲಿ ಅವ್ವ ಕೆಲಸ ಬಿಡುವಂತಿರಲಿಲ್ಲ, ಅಜ್ಜಿಗೆ ಕಣ್ಣಿಲ್ಲ. ಮದುವೆಯ ಹಂಗಾಮಿನಲ್ಲಿ ದರ್ಜಿಗಳೆಲ್ಲ ಅಪ್ಪನ ದಾರಿ ಕಾಯುತ್ತಿದ್ದರು. ಅಪ್ಪ ಎರಡು ದಿನ ಹಿತ್ತಲಲ್ಲಿ ಏನೋ ಕುಟ್ಟುತ್ತ ಕೂತ. ಹೊಲಿಗೆ ಯಂತ್ರ ಬಂದಿದ್ದ ಮರದ ಪೆಟ್ಟಿಗೆ, ಗುಜರಿಯಿಂದ ತಂದ ಮಕ್ಕಳ ಸೈಕಲ್ಲಿನ ಎರಡು ಚಕ್ರ, ಒಂದು ಕಬ್ಬಿಣದ ಸರಳು, ನೆರಳಿಗೆ ಒಂದು ಮುರುಕು ಛತ್ರಿ. ಪೆಟ್ಟಿಗೆಯ ಮಗ್ಗುಲಿಗೆ ಗಾಜಿನ ಲೋಟದ ಚಿತ್ರ, ಮೇಲೆ ನೋಡುವ ಬಾಣ ಮೊದಲಿನಂತೆಯೇ ಇದ್ದವು. ಸೈಕಲ್ಲಿನ ಹಿಂದೆ ಅದನ್ನು ಸಿಕ್ಕಿಸಿದಾಗ ಅಜ್ಜಿ ಕೈಯಿಂದ ಸವರಿ ನೋಡಿ ರೇಗಿದಳು.

"ಗಂಡಸಾಗಿ ಕೂಸಿನ್ನ ಬಾಲಕ್ಕ ಕಟಿಗೊಂಡು ಊರೂರು ತಿರಗತಿ? ಮಂದಿ ಏನಂದಾರು?"

"ಏನರ ಅನ್ಲಿ ಬಿಡ ಯವ್ವಾ. ಕೂಸಿನ ಕೆಮ್ಮು ನಿಲ್ಲಬೇಕು."

"ಹಾದ್ಯಾಗ ಅತ್ತರ ಯಾರ ಹಿಡೀತಾರ?"

"ಕಸ್ತೂರಿ ಬರತಾಳ. ಸಾಲಿ ಸೂಟಿ ಐತಿ."

ಕಸ್ತೂರಿ ಅಂದರೆ ನಾನು. ಆ ಕ್ಷಣ ನನಗೆ ಆದ ಹಿಗ್ಗನ್ನು ಮುಚ್ಚಿಡಲಾರೆ. ಹೊರಡುವ ದಿನ ಅವ್ವ ತಾನು ಕೆಲಸಕ್ಕೆ ಉಡುತ್ತಿದ್ದ ಹಳೆಯ ನೂಲಿನ ಸೀರೆಯೊಂದನ್ನು ಸೋಡಾ ಹಾಕಿ ಎರಡು ಸಲ ಕುದಿಸಿ, ಒಗೆದು, ಒಣಗಿಸಿ, ಮಡಚಿ ತಂದಳು. ಖಾರ ಹೋಗಿತ್ತು, ಕೆನ್ನೆಗೆ ಒತ್ತಿ ಪರೀಕ್ಷೆ ಮಾಡಿದ್ದಳು. ವಾಸನೆ ಹೋಗಿರಲಿಲ್ಲ, ಅದು ಹೋಗುವಂಥದ್ದೇ ಅಲ್ಲ.

"ಇದನ್ನ ಅಕಿ ಕೆಳಗ ಹಾಸು. ದಿನಾ ಹಾಸು. ನನ್ನ ವಾಸನಿ ಮರೀಬಾರದು" ಎಂದಳು. ಕೂಸಿಗೆ ಮುತ್ತು ಕೊಡಲು ಬಗ್ಗಿದವಳು ಅರ್ಧಕ್ಕೇ ನಿಂತು ಹಿಂದೆ ಸರಿದಳು.

ಪೆಟ್ಟಿಗೆಯನ್ನು ನೋಡಿಕೊಳ್ಳಬೇಕಾದ್ದರಿಂದ ನಾನು ಕ್ಯಾರಿಯರ್ ಮೇಲೆ ಹಿಂದೆ ಮುಖ ಮಾಡಿ ಕೂತಿದ್ದೆ. ಹಾಗಾಗಿ ಆ ಎಂಟು ದಿನ ನಾನು ಬರುವ ಊರನ್ನು ನೋಡಲೇ ಇಲ್ಲ, ಬಿಟ್ಟುಹೋಗುವ ಊರನ್ನು ಮಾತ್ರ ನೋಡಿದೆ. ಬೇವಿನ ಮರ ಪಕ್ಕಕ್ಕೆ ಬಂದಾಗಷ್ಟೇ ಬೇವಿನ ಮರ ಎಂದು ಗೊತ್ತಾಗುತ್ತಿತ್ತು, ಆಮೇಲೆ ಅದು ಬಹಳ ಹೊತ್ತು ಕಣ್ಣಿಗೆ ಬೀಳುತ್ತಿತ್ತು. ಯಾವುದೇ ಸಂಗತಿ ದಾಟಿಹೋದ ಮೇಲೆ ಅದನ್ನು ನಿಧಾನವಾಗಿ ನೋಡುವ ನನ್ನ ಚಾಳಿ ಅಲ್ಲಿಂದಲೇ ಬಂತೆಂದು ಕಾಣುತ್ತದೆ. ಆಗ ನಾನು ನೋಡಿದ್ದು ಮಾತ್ರ ಪೆಟ್ಟಿಗೆಯಲ್ಲಿ ಕೂತು ಬಾಯಿ ಹರಿದುಕೊಳ್ಳುತ್ತಿದ್ದ ರತ್ನಿಯನ್ನು. ಮೋಟೆಬೆನ್ನೂರು ದಾಟಿದರೂ ಅವಳ ಅಳು ನಿಲ್ಲಲಿಲ್ಲ. ಸೀರೆಗೆ ಮುಖ ಒತ್ತುತ್ತಿದ್ದಳು, ಮತ್ತೆ ಅಳುತ್ತಿದ್ದಳು. ಖಾರದ ವಾಸನೆಗೆ ಹೆದರಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಅಪ್ಪ ನೀರು ಕುಡಿಯಲು ನಿಲ್ಲಿಸಿದಾಗ ಸೀರೆಯನ್ನು ಎಳೆದು ಸುತ್ತಿ ಅವನ ಸಾಮಾನಿನ ಚೀಲದ ತಳಕ್ಕೆ ತುರುಕಿದೆ. ರತ್ನಿಯನ್ನು ಮಡಿಲಿಗೆ ತೆಗೆದುಕೊಂಡೆ. ಸ್ವಲ್ಪ ಹೊತ್ತಿಗೆ ಸುಮ್ಮನಾದಳು. ನನಗೆ ಅದು ಗೆಲುವಿನಂತೆ ಅನಿಸಿತು. ಹಾವೇರಿಯಲ್ಲಿ ಇಳಿದಾಗ, ಮರುದಿನ, ಅದರ ಮರುದಿನ ನಾನು ಸೀರೆಯನ್ನು ಹೊರಗೆ ತೆಗೆಯಲಿಲ್ಲ. ಅಪ್ಪ ದಿನಕ್ಕೆ ಹತ್ತು ಸಲ ಆ ಚೀಲಕ್ಕೆ ಕೈ ಹಾಕುತ್ತಿದ್ದ, ಅವನ ಕೈಗೆ ಅದು ತಾಗಿರಲೇಬೇಕು. ಆದರೆ ಒಂದು ಮಾತೂ ಕೇಳಲಿಲ್ಲ.

ಊರುಗಳಲ್ಲಿ ನಮ್ಮ ಮೆರವಣಿಗೆ ಹೇಳತೀರದು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಗಾಜಿನ ಸಾಮಾನು ಮಾರುವವರೆಂದು ಕರೆದವರುಂಟು. ಕರ್ಜಗಿಯಲ್ಲಿ ಅಪ್ಪ ದರ್ಜಿಯ ಮನೆಯೊಳಗೆ ಯಂತ್ರ ಬಿಚ್ಚಿಕೊಂಡು ಕೂತಿದ್ದಾಗ ಹೆಂಗಸರು ನಮ್ಮಿಬ್ಬರನ್ನು ಸುತ್ತುವರಿದರು. ಒಬ್ಬಾಕೆ ರತ್ನಿಯ ಗಲ್ಲ ಹಿಡಿದು, "ಯವ್ವಾ, ಇಷ್ಟ ಸಣ್ಣ ಕೂಸಿನ್ನ ಗಂಡಸು ಕಟಿಗೊಂಡು ತಿರಗಾಕತ್ತಾನಂದ್ರ... ನಿಮ್ಮವ್ವ ಇಲ್ಲೇನ ತಂಗೀ?" ಎಂದಳು. ನಾನು ತಲೆ ಬಗ್ಗಿಸಿದೆ. ಅವ್ವ ಇಲ್ಲಿಲ್ಲ, ಬ್ಯಾಡಗಿಯಲ್ಲಿದ್ದಾಳೆ ಎಂಬ ಅರ್ಥದಲ್ಲಿ ಬಗ್ಗಿಸಿದೆ ಎಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ, ಆದರೆ ಅದು ಖರೆ ಅಲ್ಲ. ಆಕೆಯ ಕಣ್ಣು ತುಂಬಿದವು. ಒಳಗಿನಿಂದ ಗೋದಿ ಹುಗ್ಗಿ ಬಂತು, ಅದರ ಮೇಲೆ ತುಪ್ಪ. ಯಾರೂ ನನಗೆ ಅಷ್ಟು ಮಮತೆಯಿಂದ ಬಡಿಸಿ ಬಹಳ ದಿನವಾಗಿತ್ತು. ಆಮೇಲೆ ರಾಣೆಬೆನ್ನೂರಿನಲ್ಲಿ ಕೇಳಿದರೂ ತಲೆ ಬಗ್ಗಿಸಿದೆ. ಅಲ್ಲಿ ದರ್ಜಿಯ ಹೆಂಡತಿ ಉಳಿದ ಬಟ್ಟೆಯಲ್ಲಿ ರತ್ನಿಗೆ ಒಂದು ಅಂಗಿ ಹೊಲಿದುಕೊಟ್ಟಳು, ನನಗೆ ಶೇಂಗಾ ಉಂಡಿ. ತಲೆ ಬಗ್ಗಿಸುವುದರಲ್ಲಿ ನಾನು ನುರಿತುಬಿಟ್ಟೆ.

ಕುಮಾರಪಟ್ಟಣದಲ್ಲಿ ಅಪ್ಪ ಹೊಳೆಯ ದಂಡೆಯಲ್ಲಿ ಸೈಕಲ್ ನಿಲ್ಲಿಸಿ ಕೈಕಾಲು ತೊಳೆಯುತ್ತಿದ್ದ. ತುಂಗಭದ್ರೆಯ ನೀರು ಬೇಸಿಗೆಗೆ ಸರಿದು ಮರಳು ಬಿದ್ದಿತ್ತು. ನಾನು ರತ್ನಿಯ ಕಾಲನ್ನು ನೀರಿಗೆ ಇಳಿಬಿಟ್ಟು ಆಡಿಸುತ್ತಿದ್ದೆ. ಅವಳ ಕೆಮ್ಮು ನಿಂತು ಎರಡು ದಿನವಾಗಿತ್ತು. ನಗುತ್ತ ನಗುತ್ತ ನನ್ನ ಮುಖ ನೋಡಿ "ಅವ್ವ" ಎಂದಳು. ನಾನು ಅತ್ತಿತ್ತ ನೋಡಿದೆ. ಅಪ್ಪನಿಗೆ ಕೇಳಿಸಿರಲಿಲ್ಲ. "ಹೂಂ" ಎಂದೆ. ಮತ್ತೆ ಹೇಳಿಸಿದೆ. ನಾಕೈದು ಸಲ ಹೇಳಿಸಿದೆ. ಅಕ್ಕ ಎನ್ನಬೇಕು ಎಂದು ತಿದ್ದಲಿಲ್ಲ. ಈ ಕೂಸು ನನ್ನದು, ಇದನ್ನು ನಾನೇ ಬೆಳೆಸುತ್ತೇನೆ, ಮನೆಗೆ ಹೋದ ಮೇಲೂ ಇದು ನನ್ನನ್ನೇ ಹೀಗೆ ಕರೆಯುತ್ತದೆ ಎಂದು ಅಂದುಕೊಂಡೆ. ಅವ್ವನ ಮುಖ ಕಣ್ಣ ಮುಂದೆ ಬಂತು. ನಾನು ಅದನ್ನು ಆಚೆ ದೂಡಿದೆ.

ಏಳನೆಯ ದಿನ ಬೆಳಿಗ್ಗೆ ಹಲಗೇರಿಗೆ ಬಂದೆವು. ಅಲ್ಲಿನ ದರ್ಜಿಗೆ ಮುಪ್ಪಿನ ತಾಯಿ ಇದ್ದಳು, ಬಾಯಿ ತುಂಬ ಮಾತಾಡುವ ಮುದುಕಿ. ಅಪ್ಪ ಒಳಗೆ ಯಂತ್ರದ ಮುಂದೆ ಕೂತ, ನಾವು ಕಟ್ಟೆಯ ಮೇಲೆ. ಮುದುಕಿ ಕೇಳಬೇಕಾದ್ದನ್ನು ಕೇಳಿದಳು, ನಾನು ಬಗ್ಗಿಸಬೇಕಾದ ತಲೆ ಬಗ್ಗಿಸಿದೆ. ಅವಳು ಲೊಚಗುಟ್ಟುತ್ತ ರತ್ನಿಯನ್ನು ತೊಡೆಯ ಮೇಲೆ ಹಾಕಿಕೊಂಡಳು.

"ತಾಯಿಲ್ಲದ ಕೂಸು, ಊರೂರ ಕಣ್ಣು ಬಿದ್ದಿರತಾವ. ತಡಿ, ದೃಷ್ಟಿ ತಗೀತೇನಿ" ಎಂದು ಸೊಸೆಯಿಂದ ಉಪ್ಪು, ಐದು ಒಣ ಮೆಣಸಿನಕಾಯಿ ತರಿಸಿದಳು. ಮುಷ್ಟಿಯಲ್ಲಿ ಹಿಡಿದು ರತ್ನಿಯ ತಲೆಯ ಸುತ್ತ ಇಳಿಸಿ, ಕೊನೆಗೆ ಮುಖದ ಹತ್ತಿರ ತಂದಳು. ರತ್ನಿ ಈಗ ಚೀರುತ್ತಾಳೆ ಎಂದು ನಾನು ಕೈ ಚಾಚಿ ನಿಂತೆ. ಅವಳು ಚೀರಲಿಲ್ಲ. ಎರಡೂ ಕೈಯಿಂದ ಮುದುಕಿಯ ಮುಷ್ಟಿಯನ್ನು ಹಿಡಿದು, ಮೂಗು ಒತ್ತಿ, ಆಘ್ರಾಣಿಸಿ, "ಅವ್ವ" ಎಂದಳು. ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಮುದುಕಿಯ ಬೆನ್ನ ಹಿಂದೆ ಬಗ್ಗಿ ನೋಡಿದಳು. ನಾನು ಎದುರಿಗೇ ನಿಂತಿದ್ದೆ, ನನ್ನನ್ನು ದಾಟಿ ಓಣಿಯನ್ನು ನೋಡಿದಳು. "ಅವ್ವಾ?" ಎಂದು ಕೂಗಿ ಕರೆದಳು. ಯಾರೂ ಬರಲಿಲ್ಲ. ಆಗ ಅಳತೊಡಗಿದಳು. ಮೋಟೆಬೆನ್ನೂರಿನ ದಾರಿಯಲ್ಲಿ ಅತ್ತಿದ್ದಳಲ್ಲ, ಅದೇ ಅಳು. ವಾಸನೆಗೆ ಹೆದರಿ ಅತ್ತ ಅಳು ಅದಾಗಿರಲಿಲ್ಲ. ವಾಸನೆ ಇದೆ, ಅವ್ವ ಇಲ್ಲ, ಅದಕ್ಕೆ ಅತ್ತಿದ್ದಳು. ಅವಳು ಹೆದರಿದ್ದು ಕೈಗೆ ಮಾತ್ರ. ಆ ವಾಸನೆಯೇ ಅವಳಿಗೆ ಅವ್ವ. ನಾನು ಆರು ದಿನ ಅವ್ವನನ್ನು ಚೀಲದ ತಳದಲ್ಲಿ ತುರುಕಿಟ್ಟಿದ್ದೆ.

"ಸತ್ತ ತಾಯಿನ್ನ ಹುಡಕಾಕತ್ತೈತಿ ನೋಡ್ರಿ ಪಾಪ" ಎಂದು ಮುದುಕಿ ಕಣ್ಣೊರೆಸಿಕೊಂಡಳು.

"ನಮ್ಮವ್ವ ಸತ್ತಿಲ್ಲ!" ಎಂದು ನಾನು ಕಿರುಚಿದೆ. "ಬ್ಯಾಡಗ್ಯಾಗ ಅದಾಳ! ತೊಟ್ಟು ಮುರೀತಾಳ! ಸತ್ತಿಲ್ಲ ನಮ್ಮವ್ವ!"

ಒಳಗೆ ಯಂತ್ರದ ಸದ್ದು ನಿಂತಿತು. ಅಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಯಾರು ಸತ್ತಾರಂದ್ರು?"

"ಇಕಿನ್ನ ಕೇಳಿದ್ನೆಪಾ, ತೆಲಿ ಬಗ್ಗಿಸಿದ್ಲು" ಎಂದಳು ಮುದುಕಿ, ಮುಷ್ಟಿಯನ್ನು ಇನ್ನೂ ಹಾಗೆಯೇ ಹಿಡಿದುಕೊಂಡು.

ಹೊಡೆತ ಬೀಳುತ್ತದೆಂದು ಕಾದೆ. ಅಪ್ಪ ಯಂತ್ರದ ಸದ್ದಿಗೆ ಕಿವಿ ಕೊಡುವವನಂತೆ ನನ್ನನ್ನು ನೋಡಿದ. ಆಮೇಲೆ, "ಸೀರಿ ಚೀಲದಾಗ ಐತಿ. ತಗದು ಹಾಸು. ಲಗೂನ ಮನಿಗೆ ಹೋಗೂಣು" ಎಂದು ಒಳಗೆ ಹೋದ. ಅದು ಹೊಡೆತಕ್ಕಿಂತ ಜೋರಾಗಿ ಬಿತ್ತು. ಸೀರೆ ತೆಗೆದೆ. ಎಣ್ಣೆಯ ಡಬ್ಬಿ ಸೋರಿ ಒಂದು ಮಡಿಕೆಯ ತುಂಬ ಕರಿ ಕಲೆಯಾಗಿತ್ತು. ಕಲೆ ಕೆಳಗೆ ಬರುವಂತೆ ಮಡಚಿ ಹಾಸಿದೆ. ರತ್ನಿ ಅದರ ಮೇಲೆ ಬಿದ್ದು ಅತ್ತಳು, ಅತ್ತು ಅತ್ತು ಸೀರೆಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು ಮಲಗಿದಳು. ಹಲಗೇರಿಯಿಂದ ಹೊರಟಾಗ ಆ ಮುದುಕಿ ಓಣಿಯ ತುದಿಯಲ್ಲಿ ನಿಂತಿದ್ದಳು. ಹಿಂದೆ ಮುಖ ಮಾಡಿ ಕೂತವಳಿಗೆ ಅದನ್ನೆಲ್ಲ ನೋಡದೆ ಗತಿ ಇರಲಿಲ್ಲ.

ಮರುದಿನ ಇಳಿಹೊತ್ತಿಗೆ ನಮ್ಮ ಓಣಿಗೆ ಬಂದೆವು. ನಾನು ಬಂದಕೂಡಲೇ ಸೀನಿದೆ, ಎಂಟೇ ದಿನಕ್ಕೆ ಹೊಸಬಳಾಗಿದ್ದೆ. ಅವ್ವ ಮುಂಬಾಗಿಲಲ್ಲಿ ನಿಂತಿದ್ದಳು. ಮೂರು ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲವೆಂದು ಅಜ್ಜಿ ಹೇಳಿದಳು. ಕಡಲೆಹಿಟ್ಟು, ಮಜ್ಜಿಗೆ, ಕೊಬ್ಬರಿ ಎಣ್ಣೆ ಎಂದು ಕೈ ತಿಕ್ಕಿ ತಿಕ್ಕಿ ತೊಳೆದದ್ದೇ ತೊಳೆದದ್ದು. ತಲೆಗೆ ಎರೆದುಕೊಂಡು, ಟ್ರಂಕಿನಿಂದ ಮದುವೆಯ ಸೀರೆ ತೆಗೆದು ಉಟ್ಟಿದ್ದಳು. ಅದರಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಮೈಮೇಲೆ ಮೆಣಸಿನಕಾಯಿಯ ಸುಳಿವೂ ಉಳಿಯದಂತೆ ನೋಡಿಕೊಂಡಿದ್ದಳು.

"ಬಾ ನನ ಬಂಗಾರ" ಎಂದು ಕೈ ಚಾಚಿದಳು.

ರತ್ನಿ ಯಾರೋ ಪರಕೀಯಳನ್ನು ನೋಡುವಂತೆ ನೋಡಿ ನನ್ನ ಕೊರಳು ಅಪ್ಪಿದಳು. ಅವ್ವನ ಕೈ ತಾನಾಗಿ ಸೆರಗಿನೊಳಗೆ ಹೋಯಿತು. ಅಪ್ಪ ನನ್ನ ಕಡೆ ನೋಡಿದ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಮಾಡಿದರೆ ನಾನು ಸಿಕ್ಕಿಬೀಳುತ್ತೇನೆ ಎಂಬುದೂ ಗೊತ್ತಿತ್ತು. ಪೆಟ್ಟಿಗೆಯಿಂದ ಸೀರೆ ಎಳೆದು ಅವ್ವನ ಹೆಗಲ ಮೇಲೆ ಹೊದಿಸಿದೆ. ರತ್ನಿಯನ್ನು ಹತ್ತಿರ ಒಯ್ದೆ. ಅವಳು ಸೀರೆಯನ್ನು ಮೂಸಿದಳು, ಅವ್ವನ ಮುಖ ನೋಡಿದಳು, ಮತ್ತೆ ಮೂಸಿದಳು. ಆಮೇಲೆ ನನ್ನ ಕೊರಳು ಬಿಟ್ಟು ಅತ್ತ ವಾಲಿ, "ಅವ್ವ" ಎಂದು ಅವಳ ಹೆಗಲಿಗೆ ಮುಖ ಹುದುಗಿಸಿದಳು. ಅವ್ವ ಮೊದಲು ಮೊಳಕೈಯಿಂದಷ್ಟೇ ಅವಳನ್ನು ಅವುಚಿಕೊಂಡಳು. ಅಂಗೈ ಇಡಲು ಬಹಳ ಹೊತ್ತು ಬೇಕಾಯಿತು. ಇಟ್ಟಾಗ ಕೂಸು ಕೊಸರಲಿಲ್ಲ. ಅವ್ವ ಆಗ ಎಲ್ಲರ ಮುಂದೆಯೇ ಅತ್ತಳು.

ಕಣ್ಣೊರೆಸಿಕೊಳ್ಳಲು ಸೀರೆಯ ಮಡಿಕೆ ಎತ್ತಿದವಳಿಗೆ ಕಲೆ ಕಂಡಿತು.

"ಇದು ಮಷೀನಿನ ಎಣ್ಣಿ ಅಲ್ಲೇನ? ಕೂಸಿನ ಕೆಳಗ ಹಾಸಂದ ಸೀರಿಗೆ ಎಣ್ಣಿ ಹೆಂಗ ಹತ್ತೀತು?"

"ನಾನ ಅಪ್ಪನ ಚೀಲದಾಗ ತುರುಕಿದ್ದೆ. ಆರು ದಿನ."

"ಯಾಕ?"

"ಅಕಿ ನನಗ ಅವ್ವ ಅನ್ಲಿ ಅಂತ."

ಹೇಳಿ ಮುಗಿಸಿದ ಮೇಲೆ ನಾನು ಕಣ್ಣು ಮುಚ್ಚಿಕೊಂಡೆ. ಅವ್ವ ಕೈ ಎತ್ತಿದ್ದು ಅವಳ ಬಳೆಯ ಸದ್ದಿನಿಂದ ಗೊತ್ತಾಯಿತು. ಆ ಕೈ ನನ್ನ ಕತ್ತಿನ ಹಿಂದೆ ಬಂದು, ನಾನೇ ಹೆಣೆದುಕೊಂಡಿದ್ದ ಸೊಟ್ಟ ಜಡೆಯನ್ನು ಹಿಡಿದು, ಎಳೆದು, ನನ್ನನ್ನು ರತ್ನಿಯ ಪಕ್ಕಕ್ಕೆ ಅವುಚಿಕೊಂಡಿತು. ಮಜ್ಜಿಗೆಯ ಹುಳಿ, ಕೊಬ್ಬರಿ ಎಣ್ಣೆ, ಅದರ ಕೆಳಗೆ ಎಷ್ಟು ತಿಕ್ಕಿದರೂ ಹೋಗದ ಮೆಣಸಿನಕಾಯಿ.

"ನಿನಗೂ ನಾನ ಅವ್ವ ಅದೇನಿ" ಎಂದಳು. "ಮರತಿದ್ದಿಯೇನ?"

ಮರೆತಿದ್ದೆ. ಅವಳು ನನ್ನನ್ನು ಮುಟ್ಟದೆ ಎಷ್ಟೋ ದಿನವಾಗಿತ್ತು. ಅಂದು ಅವಳೇ ಕೂರಿಸಿಕೊಂಡು ನನ್ನ ಜಡೆ ಬಿಚ್ಚಿದಳು, ಎಣ್ಣೆ ಹಚ್ಚಿದಳು, ಬಿಗಿಯಾಗಿ ಹೆಣೆದಳು. ನೆತ್ತಿ ಸ್ವಲ್ಪ ಉರಿಯಿತು. ನಾನು ಹೇಳಲಿಲ್ಲ.